ಕುಕ್ಕರ್ ಕೂಗು ಎಣಿಸಲು ಹೋಗಿ: ಸೌಂಡ್ ಸೆನ್ಸರ್‌ನ ಸ್ಕ್ರೂ ಸರಿ ಮಾಡುವ ಬಗೆ

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಕೇಳುವ ಪ್ರಶ್ನೆ ಒಂದೇ. "ಎಷ್ಟು ಕೂಗಾಯ್ತೋ?" ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿರುತ್ತಾರೆ, ನಾನು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತೇನೆ. ಇಬ್ಬರೂ ಎಣಿಸಿರುವುದಿಲ್ಲ. ಎರಡು ಅಂತ ನಾನು ಅಂದಾಜಿನಲ್ಲಿ ಹೇಳುತ್ತೇನೆ, ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ.

ಇದಕ್ಕೊಂದು ಯಂತ್ರ ಮಾಡಿಬಿಡೋಣ ಅನ್ನಿಸಿತು. ಒಂದು ಆರ್ಡುಯಿನೋ ಉನೋ (ನಾವು ಬರೆದ ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡು), ಒಂದು ಸೌಂಡ್ ಸೆನ್ಸರ್, ನಂಬರ್ ತೋರಿಸಲು ಸಣ್ಣ ಡಿಸ್‌ಪ್ಲೇ, ಮೂರನೇ ಕೂಗಿಗೆ ಬೀಪ್ ಅನ್ನಲು ಒಂದು ಬಜರ್. ಒಂದು ಸಂಜೆಯ ಕೆಲಸ ಅಂದುಕೊಂಡೆ. ವೈರ್ ಸೇರಿಸೋದು ಹತ್ತು ನಿಮಿಷದಲ್ಲಿ ಮುಗಿಯಿತು. ಆ ಸೆನ್ಸರ್ ಮೇಲಿನ ಪುಟ್ಟ ಹಿತ್ತಾಳೆ ಸ್ಕ್ರೂ ಸರಿ ಮಾಡಲು ಮಾತ್ರ ಎರಡು ವಾರ ಹೋಯಿತು. ಆ ಎರಡು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದು ಕುಕ್ಕರ್ ಅಲ್ಲದಿರಬಹುದು, ಚಪ್ಪಾಳೆ ತಟ್ಟಿದರೆ ದೀಪ ಹತ್ತುವ ಆಟಿಕೆ ಇರಬಹುದು, ಬಾಗಿಲು ಬಡಿದರೆ ಎಚ್ಚರಿಸುವ ಪೆಟ್ಟಿಗೆ ಇರಬಹುದು. ಸ್ಕ್ರೂ ಅದೇ, ಗೋಳೂ ಅದೇ.

ಮೊದಲು ಬೋರ್ಡನ್ನು ಸರಿಯಾಗಿ ನೋಡಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ "ಸೌಂಡ್ ಸೆನ್ಸರ್" ಅಂತ ಕೇಳಿದರೆ ಹೆಚ್ಚಾಗಿ ಎರಡು ಬಗೆಯ ಬೋರ್ಡು ಸಿಗುತ್ತದೆ. ಒಂದಕ್ಕೆ ನಾಲ್ಕು ಪಿನ್: ಎಒ (ಮೈಕ್‌ನ ವೋಲ್ಟೇಜ್ ಹಾಗೇ ಕೊಡುವ ಅನಲಾಗ್ ಔಟ್‌ಪುಟ್), ಜಿ, ಪ್ಲಸ್, ಡಿಒ (ಹೌದು ಇಲ್ಲವೇ ಅಲ್ಲ ಅಂತ ಮಾತ್ರ ಹೇಳುವ ಡಿಜಿಟಲ್ ಔಟ್‌ಪುಟ್). ಇವೇ ಕೆವೈ-037 ಮತ್ತು ಕೆವೈ-038. ಎರಡರ ಸರ್ಕ್ಯೂಟೂ ಒಂದೇ ಥರ. 037ಕ್ಕೆ ಮೈಕ್ ಡಬ್ಬಿ ದೊಡ್ಡದು, ಸೂಕ್ಷ್ಮತೆ ಜಾಸ್ತಿ. 038ರದ್ದು ಚಿಕ್ಕದು. ಇನ್ನೊಂದು ಬಗೆಗೆ ಮೂರೇ ಪಿನ್: ವಿಸಿಸಿ, ಜಿಎನ್‌ಡಿ, ಔಟ್.

ಎರಡರಲ್ಲೂ ಎಂಟು ಕಾಲಿನ ಒಂದು ಕಪ್ಪು ಐಸಿ ಇರುತ್ತದೆ, ಎಲ್‌ಎಂ393. ಪಕ್ಕದಲ್ಲಿ ನೀಲಿ ಪೆಟ್ಟಿಗೆಯಂಥ ಒಂದು ಭಾಗ. ಅಂಗಡಿಯವರು ಇದನ್ನು ಪ್ರೀಸೆಟ್ ಅನ್ನುತ್ತಾರೆ. ನಾವು ತಿರುಗಿಸಬೇಕಾದ ಸ್ಕ್ರೂ ಇದರ ಮೇಲೆಯೇ ಇದೆ. ನಾಲ್ಕು ಪಿನ್‌ನ ಬೋರ್ಡಿನಲ್ಲಿ ಅದು ಸಾಮಾನ್ಯವಾಗಿ ಮಲ್ಟಿಟರ್ನ್ ಪ್ರೀಸೆಟ್. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಸುಮಾರು 25 ಸುತ್ತು ಬೇಕು. ತುದಿ ತಲುಪಿದಾಗ ಗಟ್ಟಿಯಾಗಿ ನಿಲ್ಲುವುದಿಲ್ಲ, ಸುಮ್ನೆ ಟಿಕ್ ಟಿಕ್ ಅನ್ನುತ್ತಾ ತಿರುಗುತ್ತಲೇ ಇರುತ್ತದೆ. ಅಯ್ಯೋ ಮುರಿದುಹೋಯಿತು ಅಂತ ಗಾಬರಿಯಾಗಬೇಡಿ. ಮೂರು ಪಿನ್‌ನದರಲ್ಲಿ ಹೆಚ್ಚಾಗಿ ಪ್ಲಸ್ ಗುರುತಿನ ಒಂದೇ ಸುತ್ತಿನ ಪ್ರೀಸೆಟ್ ಇರುತ್ತದೆ. ಮುಕ್ಕಾಲು ಸುತ್ತಿಗೇ ಮುಗಿಯಿತು. ಅದನ್ನು ಬಲವಂತವಾಗಿ ತಿರುಗಿಸಿದರೆ ನಿಜವಾಗಿಯೂ ಮುರಿಯುತ್ತದೆ.

ಮನೆಯಲ್ಲಿರುವ ಕರೆಂಟ್ ಟೆಸ್ಟರ್ ತೆಗೆದುಕೊಂಡು ಶುರು ಮಾಡಬೇಡಿ. ಅದರ ತುದಿ ಅಗಲ ಜಾಸ್ತಿ, ಸ್ಕ್ರೂವಿನ ಗೆರೆ ಸವೆಸಿಬಿಡುತ್ತದೆ. ವಾಚ್ ರಿಪೇರಿಯವರು ಬಳಸುವಂಥ ಸಣ್ಣ ಸ್ಕ್ರೂಡ್ರೈವರ್ ಸೆಟ್ ಒಂದು ಕೊಂಡಿಟ್ಟುಕೊಳ್ಳಿ.

ಈ ಸ್ಕ್ರೂ ಏನು ಮಾಡುತ್ತದೆ

ನಾನು ಎಡವಿದ್ದು ಇಲ್ಲೇ. ಇದು ರೇಡಿಯೋದ ವಾಲ್ಯೂಮ್ ಇದ್ದ ಹಾಗೆ, ತಿರುಗಿಸಿದರೆ ಮೈಕ್‌ಗೆ ಕಿವಿ ಚುರುಕಾಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಈ ಬೋರ್ಡುಗಳಲ್ಲಿ ಸದ್ದನ್ನು ದೊಡ್ಡದು ಮಾಡಿ ನಮಗೆ ಕೊಡುವ ಆಂಪ್ಲಿಫೈಯರ್ರೇ ಇಲ್ಲ. ಎಲ್‌ಎಂ393 ಒಂದು ಕಂಪೇರೇಟರ್. ಅದರ ಕೆಲಸ ಹೋಲಿಸೋದು ಮಾತ್ರ. ಎರಡು ಕಾಲುಗಳಲ್ಲಿರುವ ವೋಲ್ಟೇಜ್ ನೋಡಿ ಯಾವುದು ಹೆಚ್ಚು ಅಂತ ಹೇಳುತ್ತದೆ, ಅಷ್ಟೇ.

ಬಾವಿಯ ನೀರು ಮತ್ತು ಕಟ್ಟೆ ಅಂದುಕೊಳ್ಳಿ. ಮೈಕ್‌ನಿಂದ ಬರುವ ವೋಲ್ಟೇಜ್ ನೀರಿನ ಮಟ್ಟ. ಸದ್ದಾದಾಗ ಆ ನೀರಿನಲ್ಲಿ ಅಲೆ ಏಳುತ್ತದೆ. ಅಲೆ ಕಟ್ಟೆ ದಾಟಿದರೆ ಡಿಒ ಪಿನ್ ಬದಲಾಗುತ್ತದೆ, ಎಲ್2 ಅನ್ನುವ ಸಣ್ಣ ಎಲ್‌ಇಡಿ ಹತ್ತುತ್ತದೆ. ಸ್ಕ್ರೂ ತಿರುಗಿಸಿದಾಗ ಬದಲಾಗುವುದು ನೀರಿಗೂ ಕಟ್ಟೆಗೂ ನಡುವಿನ ಅಂತರ. ಅಲೆಯ ಎತ್ತರ ಅಲ್ಲ. ಅಂತರ ಕಡಿಮೆ ಇದ್ದರೆ ಸಣ್ಣ ಅಲೆಯೂ ದಾಟುತ್ತದೆ. ಅಂತರ ಜಾಸ್ತಿಯಾದರೆ ಪಟಾಕಿ ಹೊಡೆದರೂ ಸೆನ್ಸರ್ ಸುಮ್ಮನಿರುತ್ತದೆ.

ನೀರೇ ಕಟ್ಟೆಗಿಂತ ಮೇಲೆ ನಿಂತುಬಿಟ್ಟರೆ? ಆಗ ಎಲ್2 ಹತ್ತಿಕೊಂಡೇ ಇರುತ್ತದೆ. ಹೊಸಬರು "ನನ್ನ ಸೆನ್ಸರ್ ಹಾಳಾಗಿದೆ" ಅನ್ನುವ ಹತ್ತರಲ್ಲಿ ಎಂಟು ಸಲ ಆಗಿರುವುದು ಇದೇ ಅಂತ ನನ್ನ ಗುಮಾನಿ.

ನನ್ನ ಬಳಿ ಇರುವ ನಾಲ್ಕು ಪಿನ್‌ನ ಬೋರ್ಡುಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಸ್ಕ್ರೂ ತಿರುಗಿಸಿದಾಗ ಏರಿಳಿಯುವುದು ಕಟ್ಟೆ ಅಲ್ಲ, ನೀರಿನ ಮಟ್ಟವೇ. ಅಂದರೆ ಪ್ರೀಸೆಟ್ ಮೈಕ್‌ನ ದಾರಿಯಲ್ಲೇ ಕೂತಿದೆ. ಕಟ್ಟೆ ಸಪ್ಲೈ ವೋಲ್ಟೇಜಿನ ಅರ್ಧಕ್ಕೆ ಕಟ್ಟಿಟ್ಟಿದ್ದಾರೆ. ಅದಕ್ಕೇ ಸ್ಕ್ರೂ ತಿರುಗಿಸಿದರೆ ಎಒ ಪಿನ್‌ನ ನಂಬರೂ ಬದಲಾಗುತ್ತದೆ. ಈ ವಿಚಿತ್ರದಿಂದ ಮುಂದೆ ಒಂದು ಉಪಕಾರವೂ ಆಗುತ್ತದೆ, ಒಂದು ಉಪದ್ರವವೂ ಆಗುತ್ತದೆ.

ವೈರ್ ಹಾಕುವುದು

ಇದನ್ನು ಬೇಗ ಮುಗಿಸೋಣ. ಪ್ಲಸ್ ಅನ್ನು 5 ವೋಲ್ಟ್‌ಗೆ, ಜಿ ಅನ್ನು ಗ್ರೌಂಡ್‌ಗೆ, ಎಒ ಅನ್ನು ಎ0ಗೆ, ಡಿಒ ಅನ್ನು ಪಿನ್ 2ಕ್ಕೆ. ಪಿನ್ 2 ಯಾಕೆ ಅಂದರೆ ಉನೋದಲ್ಲಿ ಹೊರಗಿನ ಇಂಟರಪ್ಟ್ (ಪಿನ್ ಬದಲಾದ ಕೂಡಲೇ ನಡೆಯುತ್ತಿರುವ ಕೆಲಸ ಬಿಡಿಸಿ ಒಂದು ಫಂಕ್ಷನ್ ಓಡಿಸುವ ಏರ್ಪಾಡು) ಸಿಗುವುದು 2 ಮತ್ತು 3ರಲ್ಲಿ. ಅದು ಆಮೇಲೆ ಬೇಕು. ಉನೋ ಬದಲು ವೈಫೈ ಇರುವ ಇಎಸ್‌ಪಿ32 ಬೋರ್ಡು ಬಳಸುವವರು ಸೆನ್ಸರ್‌ಗೆ 5 ವೋಲ್ಟ್ ಕೊಡಬೇಡಿ. ಆ ಚಿಪ್ ತಡೆಯುವುದು 3.3 ವೋಲ್ಟ್ ಮಾತ್ರ, ಅದರಿಂದಲೇ ಸೆನ್ಸರ್ ನಡೆಸಿ. ವೈಫೈ ಓಡಿಸುವುದಾದರೆ ಎಒ ಪಿನ್ನನ್ನು 32ರಿಂದ 39ರವರೆಗಿನ ಪಿನ್‌ಗಳಲ್ಲಿ ಒಂದಕ್ಕೆ ಹಾಕಿ. ಉಳಿದ ಅನಲಾಗ್ ಪಿನ್‌ಗಳು ವೈಫೈ ಜೊತೆ ಕೆಲಸ ಮಾಡುವುದಿಲ್ಲ.

ಪವರ್ ಕೊಟ್ಟ ತಕ್ಷಣ ಎಲ್1 ಹತ್ತಬೇಕು. ಅದು ಪವರ್ ದೀಪ. ಅದೇ ಹತ್ತದಿದ್ದರೆ ಸ್ಕ್ರೂ ಮುಟ್ಟಬೇಡಿ, ಜಂಪರ್ ವೈರ್ ನೋಡಿ.

ಅಂಚು ಹುಡುಕುವುದು

ಕೋಣೆಯಲ್ಲಿ ಫ್ಯಾನ್, ಟಿವಿ ಆರಿಸಿ. ಕಣ್ಣು ಎಲ್2 ಮೇಲೆ ಇರಲಿ.

ಎಲ್2 ಆರಿದ್ದರೆ ಯಾವುದಾದರೂ ಒಂದು ಕಡೆಗೆ ನಿಧಾನವಾಗಿ ತಿರುಗಿಸುತ್ತಾ ಹೋಗಿ. ಹತ್ತಿದ್ದರೂ ಅಷ್ಟೇ, ಆರುವವರೆಗೆ ತಿರುಗಿಸಿ. ಯಾವ ಕಡೆ ತಿರುಗಿಸಿದರೆ ಸೂಕ್ಷ್ಮತೆ ಜಾಸ್ತಿ ಅನ್ನುವುದು ಬೋರ್ಡಿಗೊಂದು ಥರ, ಅದನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಹತ್ತು ಸುತ್ತು ತಿರುಗಿಸಿದರೂ ಏನೂ ಆಗದಿದ್ದರೆ ಬೇಸರಪಡಬೇಡಿ. 25 ಸುತ್ತಿನ ಪ್ರೀಸೆಟ್ ಅದು. ಟಿಕ್ ಟಿಕ್ ಕೇಳಿಸಿತು ಅಂದರೆ ಆ ತುದಿ ಮುಗಿಯಿತು, ವಾಪಸ್ ತಿರುಗಿಸಿ.

ಎಲ್ಲೋ ಒಂದು ಕಡೆ ಎಲ್2 ಪಕ್ಕನೆ ಬದಲಾಗುತ್ತದೆ. ಅದೇ ಅಂಚು. ಅಲ್ಲಿ ನಿಂತು ಸ್ವಲ್ಪ ಹಿಂದೆ ಮುಂದೆ ಮಾಡಿ ನೋಡಿ. ಎಲ್2 ಮಿಣಮಿಣ ಅನ್ನುವ, ಅರ್ಧಂಬರ್ಧ ಬೆಳಕಿನಲ್ಲಿ ನಡುಗುವ ಒಂದು ಸಣ್ಣ ಜಾಗ ಸಿಗುತ್ತದೆ. ನೀರು ಕಟ್ಟೆಯ ಸಮಕ್ಕೆ ಬಂದು ನಿಂತಿದೆ ಅಂತ ಅರ್ಥ. ಈ ಬೋರ್ಡುಗಳಲ್ಲಿ ಅಂಚಿನ ಹತ್ತಿರ ತಡವರಿಸದೆ ಒಂದೇ ತೀರ್ಮಾನಕ್ಕೆ ಅಂಟಿಕೊಳ್ಳುವ ಏರ್ಪಾಡು ಇಲ್ಲ. ಹಾಗಾಗಿ ಕಂಪೇರೇಟರ್ ಹೌದು ಅಲ್ಲ ಹೌದು ಅಲ್ಲ ಅನ್ನುತ್ತಾ ಒದ್ದಾಡುತ್ತದೆ.

ಈಗ ಎಲ್2 ಆರುವ ಕಡೆಗೆ ತಿರುಗಿಸಿ. ಪೂರ್ತಿ ಆರಿದ ಮೇಲೆ ಇನ್ನೂ ಒಂದು ಕಾಲು ಸುತ್ತು. ಚಪ್ಪಾಳೆ ತಟ್ಟಿ. ಮಿಂಚಿತಾ? ಮಾತಾಡಿ. ಮಿಂಚಿತಾ? ಮಾತಿಗೂ ಮಿಂಚಿದರೆ ಇನ್ನೊಂದು ಎಂಟನೇ ಒಂದು ಸುತ್ತು ಆಚೆಗೆ. ಒಂದೇ ಸುತ್ತಿನ ಪ್ರೀಸೆಟ್ ಇರುವವರಿಗೆ ಕಾಲು ಸುತ್ತು ಅಂದರೆ ಬಹಳ ದೂರ. ಗಡಿಯಾರದ ಮುಳ್ಳು ಒಂದು ನಿಮಿಷ ಸರಿಯುವಷ್ಟು ಮಾತ್ರ ಸರಿಸಿ.

ಒಂದು ಮಾತು. ಪರೀಕ್ಷೆ ಮಾಡಲು ಮೈಕ್‌ಗೆ ಬಾಯಿ ಇಟ್ಟು ಫೂ ಅಂತ ಊದಬೇಡಿ. ಗಾಳಿ ನೇರ ಬಡಿದಾಗ ಬರುವ ಅಲೆ ಭಾರೀ ದೊಡ್ಡದು. ಊದಿದರೆ ಹತ್ತುವ ಸೆನ್ಸರ್ ನಾಲ್ಕು ಅಡಿ ದೂರದ ಕುಕ್ಕರ್‌ಗೆ ಕಿವುಡಾಗಿರಬಹುದು. ಇದೇ ಕಾರಣಕ್ಕೆ ಫ್ಯಾನಿನ ಗಾಳಿ ನೇರವಾಗಿ ಮೈಕ್ ಮೇಲೆ ಬೀಳುವ ಕಡೆ ಸೆನ್ಸರ್ ಇಡಬಾರದು.

ಕೋಡ್ ಬರೆಯುವ ಮುಂಚೆ ಇನ್ನೊಂದು ನೋಡಿಕೊಳ್ಳಿ. ಸದ್ದಾದಾಗ ಔಟ್‌ಪುಟ್ ಹೈ (ಸಪ್ಲೈ ವೋಲ್ಟೇಜಿನ ಹತ್ತಿರ) ಆಗುತ್ತದಾ ಲೋ (ಸೊನ್ನೆಯ ಹತ್ತಿರ) ಆಗುತ್ತದಾ ಅನ್ನುವುದೂ ಬೋರ್ಡಿಗೊಂದು ಥರ. ಮೂರು ಪಿನ್‌ನವು ಹೆಚ್ಚಾಗಿ ಸದ್ದಿಗೆ ಲೋ ಆಗುತ್ತವೆ. ಡಿಜಿಟಲ್ ರೀಡ್ ಮಾಡಿ, ಬೋರ್ಡು ಕಳಿಸುವುದನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ಕಣ್ಣಾರೆ ನೋಡಿ. ಇನ್ನೊಬ್ಬರ ಕೋಡ್ ಹಾಗೇ ಅಂಟಿಸಿದವರು ತಲೆಕೆಳಗಾದ ಉತ್ತರ ಬಂದಾಗ ಸ್ಕ್ರೂವಿಗೆ ಬೈಯುತ್ತಾರೆ.

ನಂಬರ್ ನೋಡಿ ಕೂರಿಸುವುದು

ಎಲ್‌ಇಡಿ ನೋಡಿ ಕೂರಿಸುವುದು ಚಪ್ಪಾಳೆ ದೀಪಕ್ಕೆ ಸಾಕು. ಕುಕ್ಕರ್‌ಗೆ ನನಗೆ ಸಾಲಲಿಲ್ಲ. ಇಲ್ಲಿ ಎಒ ಪಿನ್ ನೆರವಿಗೆ ಬಂತು.

ಉನೋದ ಅನಲಾಗ್ ಪಿನ್ 0ಯಿಂದ 1023ರವರೆಗಿನ ನಂಬರ್ ಕೊಡುತ್ತದೆ. 5 ವೋಲ್ಟ್‌ಗೆ ಲೆಕ್ಕ ಹಾಕಿದರೆ ಒಂದು ನಂಬರ್ ಅಂದರೆ ಸುಮಾರು 4.9 ಮಿಲಿವೋಲ್ಟ್. ಕಟ್ಟೆ ಅರ್ಧಕ್ಕೆ ಇದೆ ಅಂದೆನಲ್ಲ, ಅಂದರೆ 512ರ ಆಸುಪಾಸು. ಎ0 ಓದಿ ಪ್ರಿಂಟ್ ಮಾಡುವ ನಾಲ್ಕು ಸಾಲಿನ ಕೋಡ್ ಹಾಕಿ, ಸ್ಕ್ರೂ ತಿರುಗಿಸುತ್ತಾ, ಆ ನಂಬರ್‌ಗಳನ್ನು ಗೆರೆಯಾಗಿ ಬಿಡಿಸುವ ಸೀರಿಯಲ್ ಪ್ಲಾಟರ್ ನೋಡಿ. ಗೆರೆ ಮೇಲೆ ಕೆಳಗೆ ಸರಿಯುತ್ತದೆ, 512ರ ಹತ್ತಿರ ದಾಟುವಾಗ ಎಲ್2 ಬದಲಾಗುತ್ತದೆ. ನಿಮ್ಮ ಬೋರ್ಡಿನಲ್ಲಿ ಸರಿಯಾಗಿ ಎಷ್ಟಕ್ಕೆ ಬದಲಾಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಎಲ್2 ಆರುವ ಕಡೆಗೆ ಎಷ್ಟು ನಂಬರ್ ದೂರ ಇದ್ದೀರಿ ಅನ್ನುವುದೇ ನಿಮ್ಮ ಸೂಕ್ಷ್ಮತೆ. "ಕಾಲು ಸುತ್ತು" ಅನ್ನುವ ಅಂದಾಜಿಗಿಂತ "ಎಂಟು ನಂಬರ್ ದೂರ" ಅನ್ನುವುದು ಎಷ್ಟೋ ಮೇಲು. ನಾಳೆ ಯಾರಾದರೂ ಸ್ಕ್ರೂ ಕದಲಿಸಿದರೂ ವಾಪಸ್ ಅಲ್ಲಿಗೇ ತರಬಹುದು.

ಅಂತರ ಎಷ್ಟಿರಬೇಕು ಅನ್ನುವುದಕ್ಕೆ ಮೊದಲು ಅಲೆ ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಲ್ವಾ. ಒಂದು ಸಲ ಓದಿದ ನಂಬರ್‌ನಿಂದ ಅದು ಗೊತ್ತಾಗುವುದಿಲ್ಲ, ಅಲೆ ಆ ಕ್ಷಣಕ್ಕೆ ಮೇಲಿತ್ತೋ ಕೆಳಗಿತ್ತೋ ಯಾರಿಗೆ ಗೊತ್ತು. 50 ಮಿಲಿಸೆಕೆಂಡ್ ಹೊತ್ತು ಬಿಡದೆ ಓದುತ್ತಾ ಹೋಗಿ. ಅಷ್ಟರಲ್ಲಿ ಬಂದ ಅತಿ ದೊಡ್ಡ ನಂಬರ್‌ನಿಂದ ಅತಿ ಚಿಕ್ಕದನ್ನು ಕಳೆಯಿರಿ. ಅದೇ ಸದ್ದಿನ ಗಾತ್ರ. ಮೊದಲು ನಿಶ್ಶಬ್ದದಲ್ಲಿ ಬರೆದುಕೊಳ್ಳಿ, ಆಮೇಲೆ ನಿಮಗೆ ಬೇಕಾದ ಸದ್ದಿಗೆ, ಆಮೇಲೆ ನಿಮಗೆ ಬೇಡದ ಸದ್ದುಗಳಿಗೆ.

ನಂಬರ್‌ಗಳು ತೀರಾ ಚಿಕ್ಕವು ಅಂತ ಆಶ್ಚರ್ಯವಾಗಬಹುದು. ಆಂಪ್ಲಿಫೈಯರ್ ಇಲ್ಲದ ಬೋರ್ಡು ಇದು. ಪಕ್ಕದಲ್ಲಿ ಕೂತು ಮಾತಾಡಿದರೆ ಒಂದೆರಡು ನಂಬರ್ ಅಲ್ಲಾಡಿದರೆ ಹೆಚ್ಚು. ನನ್ನ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿಗೆ ಸಿಕ್ಕಿದ್ದು ಹತ್ತಿಪ್ಪತ್ತು. ಮಿಕ್ಸಿಗೂ ಅಷ್ಟೇ ಬಂತು, ಅದೇ ಮುಂದಿನ ತಲೆನೋವು.

ಮೂರು ಪಿನ್‌ನ ಬೋರ್ಡಿಗೆ ಎಒ ಇಲ್ಲ. ಮಲ್ಟಿಮೀಟರ್ ಇದ್ದರೆ ಅದಕ್ಕೂ ದಾರಿ ಇದೆ. ಎಲ್‌ಎಂ393 ಒಳಗೆ ಎರಡು ಕಂಪೇರೇಟರ್ ಇರುತ್ತವೆ. ಒಂದರ ಇನ್‌ಪುಟ್ ಕಾಲುಗಳು 2 ಮತ್ತು 3, ಇನ್ನೊಂದರದ್ದು 5 ಮತ್ತು 6. ಚಿಪ್‌ನ ಚುಕ್ಕೆ ಇರುವ ಮೂಲೆಯ ಕಾಲು 1, ಮೇಲಿನಿಂದ ನೋಡುತ್ತಾ ಅಲ್ಲಿಂದ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಎಣಿಸಿ. ಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಟ್ಟು 2 ಮತ್ತು 3ರ ನಡುವೆ ಅಳೆಯಿರಿ, ಇಲ್ಲವೇ 5 ಮತ್ತು 6ರ ನಡುವೆ. ಸ್ಕ್ರೂ ತಿರುಗಿಸಿದಾಗ ಯಾವ ಜೋಡಿಯ ಅಂತರ ನಿಧಾನವಾಗಿ ಸೊನ್ನೆ ದಾಟುತ್ತದೋ ಅದೇ ನಮ್ಮ ಕಂಪೇರೇಟರ್. ಆ ಮಿಲಿವೋಲ್ಟೇ ಕಟ್ಟೆಗೂ ನೀರಿಗೂ ಇರುವ ಅಂತರ. ಐದು ಮಿಲಿವೋಲ್ಟ್‌ಗಿಂತ ಹತ್ತಿರ ಹೋಗಬೇಡಿ. ಆ ಚಿಪ್‌ಗೇ ಕೆಲವು ಮಿಲಿವೋಲ್ಟ್‌ನಷ್ಟು ಸ್ವಂತ ತಪ್ಪು ಇರುತ್ತದೆ. ಅಳೆಯುವಾಗ ಪ್ರೋಬ್ ಜಾರಿ ಪಕ್ಕದ ಕಾಲಿಗೆ ತಾಗದಂತೆ ನೋಡಿಕೊಳ್ಳಿ.

ಮೇಜಿನ ಮೇಲೆ ಕೂರಿಸಿದ್ದು ಅಡುಗೆಮನೆಯಲ್ಲಿ ನಿಲ್ಲಲಿಲ್ಲ

ಉಪದ್ರವ ಅಂದೆನಲ್ಲ, ಅದು ಇಲ್ಲಿದೆ. ಲ್ಯಾಪ್‌ಟಾಪ್‌ಗೆ ಚುಚ್ಚಿ ರಾತ್ರಿ ಹನ್ನೊಂದರವರೆಗೆ ಕೂತು ಅಂದವಾಗಿ ಕೂರಿಸಿದೆ. ಬೆಳಿಗ್ಗೆ ಅಡುಗೆಮನೆಗೆ ಒಯ್ದು ಮೊಬೈಲ್ ಚಾರ್ಜರ್‌ಗೆ ಚುಚ್ಚಿದರೆ ಎಲ್2 ಹತ್ತಿದ್ದು ಆರಲೇ ಇಲ್ಲ. ಒಲೆ ಇನ್ನೂ ಹಚ್ಚಿರಲಿಲ್ಲ, ಡಿಸ್‌ಪ್ಲೇಯಲ್ಲಿ ಆಗಲೇ ನಲವತ್ತು ಕೂಗು. "ನಿನ್ನ ಯಂತ್ರಕ್ಕೆ ನನಗಿಂತ ಆತುರ ಕಣೋ," ಅಂದರು ಅಮ್ಮ.

ಕಾರಣ ತಿಳಿಯಲು ಮೂರು ದಿನ ಬೇಕಾಯಿತು. ಯುಎಸ್‌ಬಿ 5 ವೋಲ್ಟ್ ಅಂದರೆ ಎಲ್ಲ ಕಡೆಯೂ ಸರಿಯಾಗಿ 5 ಇರುವುದಿಲ್ಲ. ಒಂದು ಕಡೆ 4.8 ಇದ್ದರೆ ಇನ್ನೊಂದು ಕಡೆ 5.1. ಕಟ್ಟೆ ಯಾವಾಗಲೂ ಸಪ್ಲೈನ ಅರ್ಧ. ಆದ್ದರಿಂದ ಸಪ್ಲೈ 0.2 ವೋಲ್ಟ್ ಏರಿದರೆ ಕಟ್ಟೆ 0.1 ಮಾತ್ರ ಏರುತ್ತದೆ. ಮೈಕ್ ಹಾಗಲ್ಲ. ಅದರೊಳಗೆ ಒಂದು ಪುಟ್ಟ ಟ್ರಾನ್ಸಿಸ್ಟರ್ ಇದೆ, ಸಪ್ಲೈ ಎಷ್ಟೇ ಇರಲಿ ಅದು ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ನೀರಿನ ಮಟ್ಟ ಸಪ್ಲೈ ಜೊತೆ ಪೂರ್ತಿ 0.2 ಏರಿಬಿಡುತ್ತದೆ. ನಾನು ಹತ್ತಾರು ಮಿಲಿವೋಲ್ಟ್ ಲೆಕ್ಕದಲ್ಲಿ ಕೂರಿಸಿದ್ದ ಅಂತರಕ್ಕೆ ನೂರು ಮಿಲಿವೋಲ್ಟ್ ಏರುಪೇರು. ಎಲ್2 ಹತ್ತದೆ ಇನ್ನೇನು ಮಾಡೀತು?

ಇದರಿಂದ ಎರಡು ನಿಯಮ ಮಾಡಿಕೊಂಡೆ. ಯಾವ ಚಾರ್ಜರ್‌ನಲ್ಲಿ ಕೊನೆಗೆ ನಡೆಯುತ್ತದೋ ಅದಕ್ಕೇ ಚುಚ್ಚಿ ಸ್ಕ್ರೂ ಕೂರಿಸಬೇಕು. ಲ್ಯಾಪ್‌ಟಾಪ್ ಇಲ್ಲದೆ ನಂಬರ್ ನೋಡುವುದು ಹೇಗೆ ಅಂದರೆ, ಡಿಸ್‌ಪ್ಲೇಯಲ್ಲೇ ತೋರಿಸಿ. ಎರಡನೆಯದು, ಯಾವ ಜಾಗದಲ್ಲಿ ಇರುತ್ತದೋ ಅಲ್ಲೇ ಕೂರಿಸಬೇಕು. ಬಿಸಿಗೂ ಮೈಕ್‌ನ ಕರೆಂಟ್ ಸ್ವಲ್ಪ ಸರಿಯುತ್ತದೆ. ಒಲೆ ಹಚ್ಚಿ ಹತ್ತು ನಿಮಿಷವಾದ ಅಡುಗೆಮನೆಗೂ ಬೆಳಗಿನ ತಣ್ಣನೆಯ ಕೋಣೆಗೂ ವ್ಯತ್ಯಾಸ ಇದೆ. ಒಲೆಯ ನೇರ ಮೇಲೆ ಸೆನ್ಸರ್ ಇಡಲೇಬೇಡಿ. ಹಬೆ, ಒಗ್ಗರಣೆಯ ಜಿಡ್ಡು ಎರಡೂ ಮೈಕ್‌ನ ಮುಖದ ಬಟ್ಟೆಗೆ ಅಂಟುತ್ತವೆ. ನಾನು ಮೂರು ಅಡಿ ಪಕ್ಕಕ್ಕೆ, ಸಾಂಬಾರ ಡಬ್ಬಿಗಳ ಗೂಡಿನಲ್ಲಿ ಇಟ್ಟೆ. ಮೈಕ್ ಮುಖ ಕುಕ್ಕರ್ ಕಡೆಗೆ.

ದೂರವನ್ನೂ ಒಂದು ಸ್ಕ್ರೂ ಅಂತಲೇ ಲೆಕ್ಕ ಹಾಕಿ. ಗೋಡೆಗಳಿಲ್ಲದ ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದಿನ ಅಲೆ ಅರ್ಧಕ್ಕಿಳಿಯುತ್ತದೆ. ಗೋಡೆಗಳ ನಡುವೆ ಅಷ್ಟು ಇಳಿಯುವುದಿಲ್ಲ, ಆದರೂ ಇಳಿಯುತ್ತದೆ. ಬೇಕಾದ ಸದ್ದಿಗೆ ಹತ್ತಿರ, ಬೇಡದ ಸದ್ದಿಗೆ ದೂರ ಇಟ್ಟರೆ ಸ್ಕ್ರೂ ಕೆಲಸ ಅರ್ಧ ಮುಗಿದಂತೆ. ಮಿಕ್ಸಿಯನ್ನು ಇನ್ನೊಂದು ಕಟ್ಟೆಗೆ ಸರಿಸೋಣವಾ ಅಂತ ಅಮ್ಮನನ್ನು ಕೇಳಿದೆ. ಉತ್ತರ ಇಲ್ಲಿ ಬರೆಯುವುದಿಲ್ಲ.

ಸ್ಕ್ರೂವಿಗೆ ಆಗದ್ದನ್ನು ಗಡಿಯಾರಕ್ಕೆ ಬಿಡಿ

ಎಷ್ಟೇ ತಿರುಗಿಸಿದರೂ ಕುಕ್ಕರ್‌ಗೆ ಹತ್ತಿ ಮಿಕ್ಸಿಗೆ ಹತ್ತದ ಜಾಗ ಸಿಗಲಿಲ್ಲ. ಸಿಗುವುದೂ ಇಲ್ಲ. ಈ ಸೆನ್ಸರ್‌ಗೆ ಗೊತ್ತಾಗುವುದು ಸದ್ದು ಎಷ್ಟು ದೊಡ್ಡದು ಅನ್ನುವುದು ಮಾತ್ರ, ಯಾರದ್ದು ಅಂತಲ್ಲ. ತಟ್ಟೆ ಬಿದ್ದರೂ ಒಂದೇ, ಬಾಗಿಲು ಬಡಿದರೂ ಒಂದೇ. ಇದು ಹೊಳೆದ ದಿನ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಸ್ಕ್ರೂ ಸ್ವಲ್ಪ ಜಾಸ್ತಿ ಸೂಕ್ಷ್ಮವಾಗಿಯೇ ಇರಲಿ, ಬೇಡದ್ದನ್ನು ಕೋಡ್‌ನಲ್ಲಿ ಸೋಸೋಣ ಅಂದುಕೊಂಡೆ. ಸೋಸಲು ಸಿಕ್ಕ ಜರಡಿ ಹೊತ್ತು. ಯಾವ ಸದ್ದು ಎಷ್ಟು ಹೊತ್ತು ಇರುತ್ತದೆ ಅನ್ನುವುದು.

ತಟ್ಟೆ ಬಿದ್ದರೆ ಅರ್ಧ ಸೆಕೆಂಡ್. ನಮ್ಮ ಕುಕ್ಕರ್ ಕೂಗಿದರೆ ಮೂರರಿಂದ ಆರು ಸೆಕೆಂಡ್. ಮಿಕ್ಸಿ ಚಟ್ನಿಗೆ ತಿರುಗಲು ಶುರುವಾದರೆ ಇಪ್ಪತ್ತು ಸೆಕೆಂಡ್‌ಗೆ ಕಡಿಮೆ ಇಲ್ಲ. ನಿಮ್ಮ ಕುಕ್ಕರ್ ಬೇರೆ ಇರಬಹುದು. ಕೆಲವು ಉದ್ದಕ್ಕೆ ಸಿಳ್ಳೆ ಹಾಕುತ್ತವೆ, ಕೆಲವು ಬುಸ್ ಅಂತ ಒಂದು ಸಲ ಉಸಿರು ಬಿಟ್ಟು ಸುಮ್ಮನಾಗುತ್ತವೆ. ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟು ಒಂದು ದಿನ ಅಳೆಯಿರಿ.

ಆದರೆ ಡಿಒ ಪಿನ್ ಓದುವುದರಲ್ಲಿ ಒಂದು ಬಲೆ ಇದೆ. ಕುಕ್ಕರ್ ನಾಲ್ಕು ಸೆಕೆಂಡ್ ಕೂಗಿದರೆ ಡಿಒ ನಾಲ್ಕು ಸೆಕೆಂಡ್ ಪೂರ್ತಿ ಹೈ ಇರುವುದಿಲ್ಲ. ಸದ್ದು ಅಂದರೆ ಅಲೆ. ಸೆಕೆಂಡಿಗೆ ಸಾವಿರಾರು ಸಲ ಅದು ಕಟ್ಟೆ ದಾಟಿ ವಾಪಸ್ ಬರುತ್ತದೆ. ಡಿಒ ಅಷ್ಟೇ ಸಲ ಮೇಲೆ ಕೆಳಗೆ ಆಗುತ್ತದೆ. ಲೂಪ್‌ನಲ್ಲಿ ಡಿಲೇ ಹಾಕಿ ಆಗೊಮ್ಮೆ ಈಗೊಮ್ಮೆ ಓದಿದರೆ ಅದು ಕೆಳಗಿದ್ದ ಕ್ಷಣವೇ ಸಿಗಬಹುದು. "ಎಲ್‌ಇಡಿ ಮಿಂಚುತ್ತದೆ, ಆರ್ಡುಯಿನೋಗೆ ಮಾತ್ರ ಗೊತ್ತಾಗುವುದಿಲ್ಲ" ಅನ್ನುವ ದೂರಿನ ಮೂಲ ಇದು. ಜನ ಆಗ ಸೂಕ್ಷ್ಮತೆ ಇನ್ನೂ ಹೆಚ್ಚು ಮಾಡುತ್ತಾರೆ, ಕೆಲಸ ಇನ್ನೂ ಕೆಡುತ್ತದೆ.

ಅದಕ್ಕೇ ಪಿನ್ 2ರ ಇಂಟರಪ್ಟ್. ಡಿಒ ಪ್ರತಿ ಸಲ ಬದಲಾದಾಗಲೂ ಒಂದು ಎಣಿಕೆ ಹೆಚ್ಚಿಸುವ ಪುಟ್ಟ ಫಂಕ್ಷನ್ ಬರೆಯಿರಿ, ಅದರೊಳಗೆ ಬೇರೇನೂ ಬೇಡ. ಎಣಿಕೆಯ ವೇರಿಯಬಲ್ ವೊಲಟೈಲ್ ಆಗಿರಲಿ, ಅಂದರೆ ಪ್ರತಿ ಸಲವೂ ಅದನ್ನು ಮೆಮೊರಿಯಿಂದ ಹೊಸದಾಗಿ ಓದಲಿ. ಮುಖ್ಯ ಲೂಪ್‌ನಲ್ಲಿ ಮಿಲಿಸ್ (ಬೋರ್ಡು ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಹೇಳುವ ಫಂಕ್ಷನ್) ನೋಡಿಕೊಂಡು ಪ್ರತಿ 100 ಮಿಲಿಸೆಕೆಂಡಿಗೆ ಆ ಎಣಿಕೆಯನ್ನು ತೆಗೆದು ಸೊನ್ನೆ ಮಾಡಿ. ತೆಗೆಯುವ ಆ ಒಂದು ಕ್ಷಣ ಇಂಟರಪ್ಟ್ ನಿಲ್ಲಿಸಿ. ಉನೋದ ಚಿಪ್ 8 ಬಿಟ್‌ನದು, ಎರಡು ಬೈಟ್‌ನ ನಂಬರನ್ನು ಎರಡು ಸಲಕ್ಕೆ ಓದುತ್ತದೆ. ನಡುವೆ ಬದಲಾದರೆ ಲೆಕ್ಕ ತಪ್ಪುತ್ತದೆ.

ಇನ್ನು ತೀರ್ಮಾನ. 100 ಮಿಲಿಸೆಕೆಂಡಿನ ಒಂದು ತುಣುಕಿನಲ್ಲಿ ಎಣಿಕೆ 20 ದಾಟಿದರೆ ಅದನ್ನು "ಸದ್ದಿನ ತುಣುಕು" ಅಂದೆ. ಒಂದೆರಡು ಎಣಿಕೆ ಬಂದರೆ ವೈರಿನ ಗದ್ದಲ, ಬಿಟ್ಟುಬಿಡಿ. ಹೀಗೆ ಸಾಲಾಗಿ ಬಂದ ಸದ್ದು ಒಂದೂವರೆ ಸೆಕೆಂಡಿಗಿಂತ ಕಡಿಮೆ ಇದ್ದರೆ ತಟ್ಟೆ, ಕೆಮ್ಮು, ಬಾಗಿಲು. ಹತ್ತು ಸೆಕೆಂಡ್ ಮೀರಿದರೆ ಮಿಕ್ಸಿ. ಎರಡರ ನಡುವೆ ಇದ್ದರೆ ಕೂಗು ಒಂದು. ನಮ್ಮ ಕುಕ್ಕರ್‌ನ ವೆಯ್ಟ್ ಕೆಲವೊಮ್ಮೆ ಎದ್ದು, ಒಂದು ಗಳಿಗೆ ಕೂತು, ಮತ್ತೆ ಏಳುತ್ತದೆ. ಅದನ್ನು ಎರಡು ಕೂಗು ಅಂತ ಎಣಿಸಬಾರದು. ಆದ್ದರಿಂದ ನಡುವೆ ಒಂದು ಸೆಕೆಂಡಿಗಿಂತ ಕಡಿಮೆ ಬಿಡುವು ಬಂದರೆ ಅದೇ ಕೂಗು ಮುಂದುವರಿದಿದೆ ಅಂತ ಲೆಕ್ಕ. ಹೀಗೆ ಬರೆದ ಮೇಲೆ ಸ್ಕ್ರೂ ಸ್ವಲ್ಪ ಆಚೀಚೆ ಇದ್ದರೂ ನಡೆಯುತ್ತದೆ. ಎಂಟು ನಂಬರ್ ದೂರ ಇರಲಿ ಐದು ಇರಲಿ, ಎಣಿಕೆ ಅಷ್ಟೇ ಬರುತ್ತದೆ.

ಚಪ್ಪಾಳೆ ದೀಪದವರಿಗೆ ಇದರ ಉಲ್ಟಾ. ಚಪ್ಪಾಳೆ ಒಂದು ಕ್ಷಣದ ಸದ್ದು, ಆದರೆ ಕೋಣೆಯ ಪ್ರತಿಧ್ವನಿಯಿಂದ ಒಂದೇ ಚಪ್ಪಾಳೆ ಹಲವು ಸಲ ಕಟ್ಟೆ ದಾಟುತ್ತದೆ, ದೀಪ ಹತ್ತಿ ಆರಿ ಹತ್ತುತ್ತದೆ. ಒಂದು ಸಲ ದಾಟಿದ ಮೇಲೆ 150 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳಲಿ. ಎರಡನೇ ಚಪ್ಪಾಳೆ ಅದಾದ ಅರ್ಧ ಸೆಕೆಂಡಿನೊಳಗೆ ಬಂದರೆ ಮಾತ್ರ ದೀಪ ಬದಲಾಯಿಸಿ. ದೀಪಕ್ಕೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿದ್ದರೆ ಅದರ ಟಕ್ ಅನ್ನುವ ಸದ್ದೂ ಮೈಕ್‌ಗೆ ಕೇಳಿಸುತ್ತದೆ, ಅದರ ಕಾಯಿಲ್ ಎಳೆಯುವ ಕರೆಂಟ್‌ಗೆ ಸಪ್ಲೈ ಕೂಡ ಕುಸಿಯುತ್ತದೆ. ರಿಲೇ ಬದಲಾದ ಮೇಲೂ ಒಂದಿಷ್ಟು ಹೊತ್ತು ಕಿವಿ ಮುಚ್ಚಿರಲಿ. ಮನೆಯ 230 ವೋಲ್ಟ್ ಕಡೆಯ ವೈರಿಂಗ್ ಅಭ್ಯಾಸ ಇಲ್ಲದಿದ್ದರೆ ಆ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ನನ್ನ ಬಜರ್ ಮಾಡಿದ್ದೂ ಇದೇ. ಮೂರನೇ ಕೂಗಿಗೆ ಎರಡು ಸೆಕೆಂಡ್ ಬೀಪ್ ಅಂದಿತು. ಸೆನ್ಸರ್ ಅದನ್ನು ನಾಲ್ಕನೇ ಕೂಗು ಅಂತ ಎಣಿಸಿತು. ಅದಕ್ಕೆ ಮತ್ತೆ ಬೀಪ್. ಐದು. ಮತ್ತೆ ಬೀಪ್. ಪ್ಲಗ್ ಕಿತ್ತಾಗ ಹದಿನೇಳಾಗಿತ್ತು. ಬಜರ್ ಕೂಗುವಷ್ಟು ಹೊತ್ತು, ಆಮೇಲೆ ಅರ್ಧ ಸೆಕೆಂಡ್, ಎಣಿಕೆ ನಿಲ್ಲಿಸುವ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು.

ಇಷ್ಟಕ್ಕೂ ಆಗದಿದ್ದರೆ

ಮೆಲ್ಲಗಿನ ಸದ್ದು ಹಿಡಿಯಬೇಕು, ಮಗು ಅಳುವುದು, ಪಕ್ಕದ ಕೋಣೆಯ ಮಾತು, ಹಾಡಿಗೆ ಕುಣಿಯುವ ಎಲ್‌ಇಡಿ ಪಟ್ಟಿ, ಇಂಥದ್ದಕ್ಕೆ ಈ ಬೋರ್ಡಿನ ಸ್ಕ್ರೂ ತಿರುಗಿಸುತ್ತಾ ಕೂರಬೇಡಿ. ಆಂಪ್ಲಿಫೈಯರ್ ಇರುವ ಮೈಕ್ ಬೋರ್ಡು ತನ್ನಿ. ಮ್ಯಾಕ್ಸ್4466 ಬೋರ್ಡಿನ ಹಿಂಭಾಗದಲ್ಲಿ ಒಂದು ಪ್ರೀಸೆಟ್ ಇದೆ. ಅದು ನಿಜವಾಗಿಯೂ ವಾಲ್ಯೂಮ್ ಥರ, 25 ಪಟ್ಟಿನಿಂದ 125 ಪಟ್ಟಿನವರೆಗೆ ಸದ್ದನ್ನು ಹಿಗ್ಗಿಸುತ್ತದೆ. ಮ್ಯಾಕ್ಸ್9814ಕ್ಕೆ ಸ್ಕ್ರೂ ಇಲ್ಲ. ಎಷ್ಟು ಹಿಗ್ಗಿಸಬೇಕು ಅಂತ ಹೇಳುವ ಗೇನ್ ಪಿನ್ ಯಾವುದಕ್ಕೂ ಸೇರಿಸದೆ ಬಿಟ್ಟರೆ 60 ಡೆಸಿಬೆಲ್, ಗ್ರೌಂಡ್‌ಗೆ ಹಾಕಿದರೆ 50, ಸಪ್ಲೈಗೆ ಹಾಕಿದರೆ 40. ಅದು ದೊಡ್ಡ ಸದ್ದು ಬಂದಾಗ ತಾನೇ ತಗ್ಗಿಸಿಕೊಳ್ಳುತ್ತದೆ, ಮೆಲ್ಲಗಿನದನ್ನು ತಾನೇ ಎತ್ತುತ್ತದೆ. ಹಾಡಿಗೆ ಒಳ್ಳೆಯದು. ಎಷ್ಟು ಜೋರು ಅಂತ ಹೋಲಿಸಬೇಕಾದ ಕಡೆ ಒಳ್ಳೆಯದಲ್ಲ, ಯಾಕೆಂದರೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ. ಕುಕ್ಕರ್‌ಗೆ ಎರಡೂ ಬೇಡ, ನೂರು ರೂಪಾಯಿಯೊಳಗಿನ ಹಳೆಯ ಬೋರ್ಡೇ ಸಾಕು.

ಎಲ್ಲ ಸರಿಹೋದ ಮೇಲೆ ಸ್ಕ್ರೂ ತಲೆಯ ಮೇಲೆ ಒಂದು ಹನಿ ಉಗುರಿನ ಬಣ್ಣ ಹಾಕಿ. ಡಬ್ಬಿ ತೆಗೆಯುವಾಗ ಕೈ ತಗುಲಿದರೂ ಕದಲುವುದಿಲ್ಲ, ಬೇಕೆಂದಾಗ ಸ್ಕ್ರೂಡ್ರೈವರ್‌ನಿಂದ ಸುಲಭವಾಗಿ ಬಿಡಿಸಬಹುದು. ಅಂಚಿನ ನಂಬರ್, ನಿಮ್ಮ ನಂಬರ್, ಯಾವ ಚಾರ್ಜರ್ ಅನ್ನುವ ಮೂರು ಸಂಗತಿಯನ್ನು ಬೋರ್ಡಿನ ಹಿಂದೆ ಚೀಟಿ ಬರೆದು ಅಂಟಿಸಿ. ನನ್ನ ಚೀಟಿಯಲ್ಲಿ 514, 506, ಬಿಳಿ ಚಾರ್ಜರ್ ಅಂತ ಇದೆ.

ಈಗ ದಿನಾ ಸರಿಯಾಗಿ ಎಣಿಸುತ್ತದೆ. ಹಬ್ಬದ ದಿನ ಮಾತ್ರ ಆಗುವುದಿಲ್ಲ. ಅವತ್ತು ಒಲೆ ಮೇಲೆ ಎರಡು ಕುಕ್ಕರ್ ಇರುತ್ತವೆ, ಒಂದರ ಕೂಗು ಮುಗಿಯುವ ಮುಂಚೆ ಇನ್ನೊಂದು ಶುರುವಾಗುತ್ತದೆ, ಯಂತ್ರ ಅದನ್ನು ಮಿಕ್ಸಿ ಅಂದುಕೊಂಡು ಬಿಟ್ಟುಬಿಡುತ್ತದೆ. ಹೋದ ಯುಗಾದಿಗೆ ಅಮ್ಮ ಅದರ ಪ್ಲಗ್ ಕಿತ್ತಿಟ್ಟು, ಗೋಡೆಯ ಕ್ಯಾಲೆಂಡರ್ ಮೂಲೆಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ಎಣಿಸಿದರು.